ಬುಲೆಟ್ಟಿಗೆ ಎಷ್ಟು ಕಂಪ್ರೆಶನ್ ಸಾಕು?

ಮೊನ್ನೆ ನೀನು ನಮ್ಮ ಬೀದಿಯ ಏರು ಹತ್ತಿ ಬಂದಾಗ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಗಾಡಿ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿಸಿತು. ಸೈಲೆನ್ಸರಿನ ಗುಡುಗಿನೊಳಗೆ ಇನ್ನೊಂದು ಸಣ್ಣ ಸದ್ದು ಸೇರಿಕೊಂಡಿತ್ತು. ತಗಡಿನ ಡಬ್ಬಿಯಲ್ಲಿ ಗಾಜಿನ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ, ಕಿಣಿಕಿಣಿ. ನೀನು ಇಳಿದವನೇ ಖುಷಿಯಿಂದ ಹೇಳಿದೆ: "ಹೈ ಕಂಪ್ರೆಶನ್ ಪಿಸ್ಟನ್ ಹಾಕಿಸಿದೆ, ಈಗ ಹತ್ತಕ್ಕೆ ಒಂದು." ನಿನ್ನ ಮುಖ ನೋಡಿ ಆವತ್ತು ಸುಮ್ಮನಾದೆ. ಆದರೆ ಆ ಕಿಣಿಕಿಣಿ ರಾತ್ರಿಯೆಲ್ಲ ಕಿವಿಯಲ್ಲೇ ಉಳಿಯಿತು. ಹಾಗಾಗಿ ಇಷ್ಟು ಬರೆಯುತ್ತಿದ್ದೇನೆ.

ನಿನ್ನದು ಎರಕದ ಕಬ್ಬಿಣದ ಬ್ಯಾರಲ್ಲಿನ ಹಳೆಯ ಬುಲೆಟ್ 350. ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ಗುಣಿಸಿ ನೋಡಿದರೆ 346 ಸಿಸಿ. ಈ ಎಂಜಿನ್ನಿನ ಮೂಲ ಇಂಗ್ಲೆಂಡಿನ ರೆಡ್ಡಿಚ್. ಅದು ಮಾರುಕಟ್ಟೆಗೆ ಬಂದದ್ದು 1949ರ ಸುಮಾರಿಗೆ. ಮಹಾಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಎಲ್ಲ ಕಂಪನಿಗಳ ಪೆಟ್ರೋಲನ್ನೂ ಬೆರೆಸಿ ಒಂದೇ ಹೆಸರಲ್ಲಿ ಮಾರುತ್ತಿದ್ದ ಪದ್ಧತಿ 1953ರವರೆಗೂ ನಡೆದಿತ್ತು. 'ಪೂಲ್' ಪೆಟ್ರೋಲ್ ಎನ್ನುತ್ತಿದ್ದರು. ಅದರ ಆಕ್ಟೇನ್, ಅಂದರೆ ಒತ್ತಡ ತಾಳುವ ಗುಣದ ಅಂಕಿ, ಎಪ್ಪತ್ತರ ಆಸುಪಾಸು. ಅಂಥ ಪೆಟ್ರೋಲಿನಲ್ಲಿ ದಿನವಿಡೀ ದುಡಿಯಬೇಕಾದ ಎಂಜಿನ್ನಿಗೆ ಕಂಪ್ರೆಶನ್ ಆರೂವರೆಗೆ ಇಟ್ಟರು, ಆಮೇಲೆ ಏಳೂಕಾಲಿಗೆ ತಂದರು. 1955ರಲ್ಲಿ ಮದರಾಸಿನಲ್ಲಿ ಬುಲೆಟ್ ಜೋಡಣೆ ಶುರುವಾಗಿ, ಮುಂದೆ ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ದಶಕಗಟ್ಟಲೆ ತಯಾರಾದಾಗಲೂ ಮೂಳೆಕಟ್ಟು ಅದೇ ಆಗಿತ್ತು. ಕ್ರ್ಯಾಂಕು, ಬೇರಿಂಗು, ಆಯಿಲ್ ಪಂಪು, ಹೆಡ್ಡಿನ ಆಕಾರ, ಎಲ್ಲವೂ ಆ ಮೆತ್ತನೆಯ ಒತ್ತಡಕ್ಕೆ ಹೊಂದಿಸಿದವು. ಕಂಪ್ರೆಶನ್ನನ್ನು ಹತ್ತಕ್ಕೆ ಏರಿಸಿದಾಗ ನೀನು ಬದಲಿಸಿದ್ದು ಪಿಸ್ಟನ್ ಒಂದನ್ನೇ. ಉಳಿದದ್ದೆಲ್ಲ ಏಳೂಕಾಲಿನ ಕಾಲದಲ್ಲೇ ನಿಂತಿದೆ.

ಕಂಪ್ರೆಶನ್ ಏರಿಸುವ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಹಿಂಡಬಹುದು ಎಂಬುದು ಶಾಸ್ತ್ರದ ಮಾತು. ಆದರೆ ಲೆಕ್ಕ ಹಾಕಿ ನೋಡು. ಎಂಜಿನಿಯರಿಂಗ್ ಪುಸ್ತಕದ ಆದರ್ಶ ಒಟ್ಟೊ ಚಕ್ರದ ಪ್ರಕಾರ ಆರೂವರೆಯಲ್ಲಿ ದಕ್ಷತೆ ಶೇ. 53ರ ಹತ್ತಿರ, ಎಂಟೂವರೆಯಲ್ಲಿ ಶೇ. 57.5, ಹತ್ತರಲ್ಲಿ ಶೇ. 60. ಅಂದರೆ ಆರೂವರೆಯಿಂದ ಎಂಟೂವರೆಗೆ ಹೋದರೆ ಶಕ್ತಿ ಸುಮಾರು ಶೇ. ಒಂಬತ್ತರಷ್ಟು ಹೆಚ್ಚುತ್ತದೆ. ಅಲ್ಲಿಂದ ಹತ್ತಕ್ಕೆ ಹೋದರೆ ಶೇ. ಐದರಷ್ಟೂ ಸಿಗುವುದಿಲ್ಲ. ರಸ್ತೆಯ ಮೇಲಿನ ಎಂಜಿನ್ನಿನಲ್ಲಿ ಇದು ಇನ್ನೂ ಕಡಿಮೆ. ಶಾಖ ಮತ್ತು ಪೆಟ್ಟು ಮಾತ್ರ ಹೀಗೆ ಕಡಿಮೆಯಾಗುತ್ತಾ ಹೋಗುವುದಿಲ್ಲ, ಏರುತ್ತಲೇ ಹೋಗುತ್ತವೆ. ಇನ್ನೂರು ರೂಪಾಯಿ ಲಾಭಕ್ಕೆ ಸಾವಿರ ರೂಪಾಯಿ ಬಡ್ಡಿ ಕಟ್ಟಿದ ಹಾಗೆ.

ನಾನೂ ಒಮ್ಮೆ ಈ ಬಡ್ಡಿ ಕಟ್ಟಿದ್ದೇನೆ. ಆಗ ನನಗೆ ಇಪ್ಪತ್ತಾರು ವರ್ಷ. ಒಂದು ಲೇತಿನವರ ಹತ್ತಿರ ಹೋಗಿ ನನ್ನ ಬುಲೆಟ್ಟಿನ ಬ್ಯಾರಲ್ಲನ್ನು ಎತ್ತರದಲ್ಲಿ ಎರಡು ಮಿಲಿಮೀಟರ್ ಕಡಿಸಿದೆ. ಅರ್ಧ ಗಂಟೆಯ ಕೆಲಸ. ಕಡಿಸಿದ ಮೇಲೆ ಕಂಪ್ರೆಶನ್ ಎಷ್ಟಾಯಿತೆಂದು ನಾನು ಅಳೆಯಲಿಲ್ಲ, ಅವರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಗಾಡಿ ಅದ್ಭುತವಾಗಿ ಓಡಿತು. ಏಪ್ರಿಲ್ ತಿಂಗಳಲ್ಲಿ ಹಿಂದೆ ತಮ್ಮನನ್ನು ಕೂರಿಸಿಕೊಂಡು, ಎರಡು ಚೀಲ ಕಟ್ಟಿಕೊಂಡು ಮಂಗಳೂರಿಗೆ ಹೋದೆ. ವಾಪಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರುಮಾಡಿದ ಮೇಲೆ ಈ ಗೋಲಿ ಸದ್ದು ಬಂತು. ಟ್ಯಾಪೆಟ್ ಇರಬೇಕು, ಸಕಲೇಶಪುರದಲ್ಲಿ ನೋಡಿದರಾಯಿತು ಅಂದುಕೊಂಡು ಟಾಪ್ ಗೇರಿನಲ್ಲೇ ಎಳೆದೆ. ಸಕಲೇಶಪುರ ಬರಲಿಲ್ಲ. ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ಅಂಚು ಇಲಿ ಕಡಿದ ಹಾಗೆ ತಿಂದುಹೋಗಿತ್ತು, ಮೇಲಿನ ರಿಂಗು ತುಂಡಾಗಿ ಬ್ಯಾರಲ್ಲಿನ ಗೋಡೆಯನ್ನು ಗೀರಿತ್ತು.

ಕಾರಣ ಆಮೇಲೆ ಒಂದೊಂದಾಗಿ ತಿಳಿಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಅಂದರೆ ಇಲ್ಲಿ ಸಿಲಿಂಡರ್ ಪೂರ್ತಿ ತುಂಬುವುದೇ ಇಲ್ಲ. ನೀನು ಇಲ್ಲಿ ಕೂತು ಟೈಮಿಂಗ್, ಜೆಟ್ ಎಲ್ಲ ಹೊಂದಿಸಿ 'ನಾಕಿಂಗ್ ಇಲ್ಲ' ಅಂದುಕೊಂಡರೆ, ಘಾಟಿ ಇಳಿದ ಮೇಲೆ ಅದೇ ಎಂಜಿನ್ ದಟ್ಟ ಗಾಳಿ ಕುಡಿಯುತ್ತದೆ, ಒಳಗಿನ ಒತ್ತಡ ತಾನಾಗಿ ಏರುತ್ತದೆ. ಮೇಲೆ ಸೆಕೆ, ಭಾರ, ಏರು. ಗೋಕರ್ಣಕ್ಕೋ ಉಡುಪಿಗೋ ಹೋಗುವ ಆಸೆ ನಿನಗಿದೆ ಎಂದು ಗೊತ್ತು. ನಿನ್ನ ಎಂಜಿನ್ನನ್ನು ನಮ್ಮ ಬೀದಿಯ ಏರಿಗೆ ಹೊಂದಿಸಬೇಡ, ಆ ಘಾಟಿಯ ಬುಡಕ್ಕೆ ಹೊಂದಿಸು.

ನಾಕಿಂಗ್ ಅಂದರೆ ಏನೆಂದು ಒಮ್ಮೆ ಸರಿಯಾಗಿ ಮನಸ್ಸಿಗೆ ತಂದುಕೋ. ಪ್ಲಗ್ಗಿನ ಕಿಡಿ ಹೊತ್ತಿಸಿದ ಬೆಂಕಿ ಒಣಹುಲ್ಲಿನ ಬಯಲಿನಲ್ಲಿ ಹಬ್ಬಿದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಅದು ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ಒತ್ತಡಕ್ಕೂ ಶಾಖಕ್ಕೂ ತಾಳಲಾರದೆ ತಾನೇ ಒಮ್ಮೆಲೇ ಸಿಡಿದರೆ ಅದೇ ನಾಕಿಂಗ್, ಆ ಕಿಣಿಕಿಣಿ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಇದೇ ಎಂದು ಮೊದಮೊದಲು ಕೂಲಂಕಷವಾಗಿ ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಪ್ರಮುಖರು. ಓಡುತ್ತಿರುವಾಗಲೇ ಕಂಪ್ರೆಶನ್ ಏರಿಳಿಸಬಹುದಾದ ಎಂಜಿನ್ನನ್ನು ಈ ಪ್ರಯೋಗಕ್ಕಾಗಿಯೇ ಅವರು ಕಟ್ಟಿದರು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಸಂಯುಕ್ತ ಬೆರೆಸಿ ನಾಕಿಂಗ್ ತಡೆಯುವ ದಾರಿ ಕಂಡುಹಿಡಿದರು. ಮುಂದೆ ದಶಕಗಟ್ಟಲೆ ಜಗತ್ತಿನ ಮಕ್ಕಳು ಆ ಸೀಸವನ್ನು ಉಸಿರಾಡಿದರು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ನಿಂತದ್ದು ಬಹಳ ಒಳ್ಳೆಯದಾಯಿತು.

ಈಗ ನಿನ್ನ ಪಿಸ್ಟನ್ನಿನ ವಿಷಯ. ಡಬ್ಬಿಯ ಮೇಲೆ ಹತ್ತು ಎಂದು ಬರೆದಿದೆ ಅಂದೆ. ಆ ಅಂಕಿ ಅವರ ಹೆಡ್ಡಿನದು, ನಿನ್ನದಲ್ಲ. ನಿನ್ನ ಹೆಡ್ಡನ್ನು ಹಿಂದಿನ ಮಾಲೀಕರು ಎಷ್ಟು ಸಲ ತೇಯಿಸಿದ್ದಾರೋ, ಬೋರ್ ಎಷ್ಟು ದೊಡ್ಡದಾಗಿದೆಯೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮೊದಲು ಅಳೆ. ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ತುತ್ತತುದಿಗೆ ತಂದು ನಿಲ್ಲಿಸು, ಎರಡೂ ವಾಲ್ವ್ ಮುಚ್ಚಿರಲಿ, ಕಂಪ್ರೆಶನ್ ರಿಲೀಸ್ ವಾಲ್ವೂ ಕೂತಿರಲಿ. ಪ್ಲಗ್ಗಿನ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಎಂಜಿನ್ನನ್ನು ಓರೆ ಮಾಡು. ಔಷಧಿ ಅಂಗಡಿಯ ದೊಡ್ಡ ಸಿರಿಂಜಿನಲ್ಲಿ ಸೀಮೆಎಣ್ಣೆ ಬೆರೆಸಿದ ಆಯಿಲನ್ನು ಪ್ಲಗ್ಗಿನ ತೂತಿನ ಥ್ರೆಡ್ಡಿನ ಕೆಳತುದಿ ಮುಟ್ಟುವವರೆಗೆ ಬಿಡು. ಹಿಡಿದ ಸಿಸಿ ಎಷ್ಟೋ ಅದರಿಂದ 346ನ್ನು ಭಾಗಿಸಿ ಒಂದು ಕೂಡಿಸಿದರೆ ನಿನ್ನ ಕಂಪ್ರೆಶನ್. ಬೋರ್ ಮಾಡಿಸಿದ್ದರೆ ಆ ಅಳತೆಯ ಸಿಸಿ ಹಾಕಿಕೋ. 41 ಸಿಸಿ ಹಿಡಿದರೆ ಸುಮಾರು ಒಂಬತ್ತೂವರೆ. 46 ಹಿಡಿದರೆ ಎಂಟೂವರೆ. ರಿಂಗಿನ ಸಂದಿನಿಂದ ಆಯಿಲ್ ಇಳಿಯುತ್ತದೆ, ಆದ್ದರಿಂದ ಬೇಗ ಮಾಡು, ಮೂರು ಸಲ ಮಾಡು.

ನನ್ನ ಅಭಿಪ್ರಾಯ ಕೇಳಿದರೆ, ಕಬ್ಬಿಣದ ಬ್ಯಾರಲ್ಲಿನ 350ರಲ್ಲಿ ಎಂಟರಿಂದ ಎಂಟೂವರೆ ಸಾಕು. ಆಮೇಲೆ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕಟ್ಟಿನಲ್ಲಿ ಬಂದ ಮೊದಲ 350ಗೆ ಕಂಪನಿಯವರೇ ಎಂಟೂವರೆ ಇಟ್ಟರು. ಅದರ ಬೇರಿಂಗು, ಆಯಿಲ್ ವ್ಯವಸ್ಥೆ, ಎಲೆಕ್ಟ್ರಾನಿಕ್ ಕಿಡಿ ಎಲ್ಲ ಹೊಸತಾಗಿತ್ತು. ಅಷ್ಟು ಸೌಕರ್ಯ ಇದ್ದವರೇ ಆಗ ಅಲ್ಲಿ ನಿಂತಿದ್ದರು ಎಂದಮೇಲೆ ನಾವು ದಾಟಿ ಹೋಗಲು ಬಲವಾದ ಕಾರಣ ಬೇಕು.

ಹಾಕಿಸಿದ ಪಿಸ್ಟನ್ ಎಸೆಯಬೇಕಾಗಿಲ್ಲ. ಬ್ಯಾರಲ್ಲಿನ ಬುಡಕ್ಕೆ ಅಲ್ಯೂಮಿನಿಯಂ ತಟ್ಟೆ ಕೊಟ್ಟು ಎತ್ತರಿಸಬಹುದು. 70ರ ಬೋರಿನಲ್ಲಿ ಒಂದು ಮಿಲಿಮೀಟರ್ ಎತ್ತರಿಸಿದರೆ ಸುಮಾರು 3.85 ಸಿಸಿ ಜಾಗ ಸಿಗುತ್ತದೆ. ನಿಜವಾಗಿಯೂ ಹತ್ತು ಇದ್ದರೆ ಒಂದು ಮಿಲಿಮೀಟರ್ ತಟ್ಟೆಗೆ 9.2ಕ್ಕೆ ಇಳಿಯುತ್ತದೆ, ಎರಡು ಮಿಲಿಮೀಟರಿಗೆ ಸರಿಯಾಗಿ ಎಂಟೂವರೆ. ತಟ್ಟೆಯ ಎರಡು ಮುಖವೂ ಕನ್ನಡಿಯಂತೆ ಸಮವಾಗಿರಬೇಕು, ಆಯಿಲಿನ ತೂತುಗಳು ತಪ್ಪದೆ ಕೂಡಬೇಕು. ಎತ್ತರ ಬದಲಾದ ಮೇಲೆ ಪುಷ್‌ರಾಡಿನ ಅಳತೆಯೂ ಬದಲಾಗುತ್ತದೆ. ಬುಡದಲ್ಲಿರುವ ಅಡ್ಜಸ್ಟರಿನಲ್ಲಿ ಎಷ್ಟು ಥ್ರೆಡ್ ಉಳಿದಿದೆ ನೋಡಿ, ಸಾಲದಿದ್ದರೆ ಉದ್ದದ ರಾಡ್ ಹಾಕಿಸು.

ತಟ್ಟೆ ಇಟ್ಟರೂ ಒಂದು ತೊಂದರೆ ಉಳಿಯುತ್ತದೆ, ಅದು ಆಕಾರದ್ದು. ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಬುಲೆಟ್ಟಿನ ಹೆಡ್ಡಿನ ಒಳಗು ಅರ್ಧಗೋಳ. ಚಪ್ಪಟೆಯಾದ ಪಿಸ್ಟನ್ ಇದ್ದಾಗ ಒಳಗಿನ ಜಾಗ ಅರ್ಧ ಕಿತ್ತಳೆ ಹಣ್ಣಿನ ಹಾಗೆ ತೆರೆದಿರುತ್ತದೆ, ಬೆಂಕಿ ಸರಾಗವಾಗಿ ಹಬ್ಬುತ್ತದೆ. ಗೋಪುರದಂಥ ಪಿಸ್ಟನ್ ಹಾಕಿದಾಗ ಉಳಿಯುವುದು ಕಿತ್ತಳೆಯ ಸಿಪ್ಪೆಯಷ್ಟೇ ಜಾಗ. ಪಕ್ಕದ ಪ್ಲಗ್ಗಿನಲ್ಲಿ ಹುಟ್ಟಿದ ಬೆಂಕಿ ಗುಡ್ಡ ಹತ್ತಿ ಆಚೆ ಇಳಿಯಬೇಕು. ಅಷ್ಟು ಹೊತ್ತು ಆಚೆ ಮೂಲೆಯ ಮಿಶ್ರಣ ಕುದಿಯುತ್ತಾ ಕಾಯುತ್ತಿರುತ್ತದೆ. ಅದಕ್ಕೇ ಒಂದೇ ಎಂಟೂವರೆ ಕಂಪ್ರೆಶನ್ನಿನ ಎರಡು ಎಂಜಿನ್ನುಗಳಲ್ಲಿ ಒಂದು ಮೌನವಾಗಿ ಓಡುತ್ತದೆ, ಇನ್ನೊಂದು ಕಿಣಿಕಿಣಿ ಅನ್ನುತ್ತದೆ. ಗೋಪುರದ ಚೂಪು ಅಂಚುಗಳನ್ನು, ವಾಲ್ವಿಗೆಂದು ಕೊರೆದ ಕುಳಿಯ ತುದಿಗಳನ್ನು ನಯವಾದ ಅರದಿಂದ ತಿದ್ದಿ ದುಂಡಗೆ ಮಾಡು. ಆ ಚೂಪು ತುದಿಗಳೇ ಕೆಂಪಗೆ ಕಾದು, ಪ್ಲಗ್ ಕಿಡಿ ಕೊಡುವ ಮೊದಲೇ ಬೆಂಕಿ ಹಚ್ಚುವುದು. ಅದು ನಾಕಿಂಗ್‌ಗಿಂತ ಕೆಟ್ಟದ್ದು, ಸದ್ದಿಲ್ಲದೆ ಪಿಸ್ಟನ್ನಿನ ನಡುವೆ ತೂತು ಕೊರೆಯುತ್ತದೆ. ಜೋಡಿಸುವ ಮೊದಲು ಪಿಸ್ಟನ್ನಿನ ಮೇಲೆ ಮಕ್ಕಳ ಜೇಡಿ ಉಂಡೆ ಅಂಟಿಸಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸು. ಬಿಚ್ಚಿ ಜೇಡಿಯನ್ನು ಬ್ಲೇಡಿನಿಂದ ಸೀಳಿ ದಪ್ಪ ಅಳೆ. ಇನ್‌ಲೆಟ್ ವಾಲ್ವಿಗೆ ಒಂದೂವರೆ, ಎಕ್ಸಾಸ್ಟಿಗೆ ಎರಡು ಮಿಲಿಮೀಟರ್ ಅಂತರ ಇರಲೇಬೇಕು.

ಟೈಮಿಂಗಿಗೆ ಬರೋಣ. ಹಳೆಯ 350ಗೆ ಪೂರ್ತಿ ರಿಟಾರ್ಡ್ ಇದ್ದಾಗ ತುದಿಗೆ 0.8 ಮಿಲಿಮೀಟರ್ ಮೊದಲು ಪಾಯಿಂಟ್ ಬಿಡಬೇಕು, ಪಾಯಿಂಟಿನ ಅಂತರ 0.35ರಿಂದ 0.40. ಇದು ಮೂಲ ಕಂಪ್ರೆಶನ್ನಿನ ಮಾತು. ಏರಿದ ಕಂಪ್ರೆಶನ್ನಿಗೆ ಸ್ವಲ್ಪ ಹಿಂದಕ್ಕೆ ಸರಿಸಬೇಕು. ಒಂದೆರಡು ಡಿಗ್ರಿ ಸರಿಸಿ, ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಹತ್ತಿ, ಕಿವಿಗೊಟ್ಟು ಕೇಳು. ನಾಕಿಂಗ್ ನಿಲ್ಲಲಿ ಎಂದು ಸರಿಸುತ್ತಲೇ ಹೋಗಬೇಡ. ತಡವಾಗಿ ಹೊತ್ತಿದ ಬೆಂಕಿ ಎಕ್ಸಾಸ್ಟಿಗೆ ಹೋಗಿ ವಾಲ್ವನ್ನು ಸುಡುತ್ತದೆ, ಹೆಡ್ ಕಾಯುತ್ತದೆ, ಕಾದ ಹೆಡ್ ಮತ್ತೆ ನಾಕಿಂಗ್ ತರುತ್ತದೆ. ಬೆಂಡ್ ಪೈಪು ಹೊಸದಾಗಿ ನೀಲಿಗಟ್ಟಿದರೆ ಎಚ್ಚರಿಕೆಯೆಂದು ತಿಳಿ. ಆಟೋ ಅಡ್ವಾನ್ಸಿನ ಎರಡು ಪುಟ್ಟ ಸ್ಪ್ರಿಂಗುಗಳನ್ನು ನೋಡು. ಮೂವತ್ತು ವರ್ಷ ಹಳೆಯ ಸ್ಪ್ರಿಂಗು ಸಡಿಲಾಗಿ ಕಡಿಮೆ ವೇಗದಲ್ಲೇ ಪೂರ್ತಿ ಅಡ್ವಾನ್ಸ್ ಕೊಟ್ಟುಬಿಡುತ್ತದೆ. ಬಹಳಷ್ಟು ಬುಲೆಟ್ಟುಗಳ ಏರುದಾರಿಯ ನಾಕಿಂಗ್‌ಗೆ ಕಾರಣ ಇಷ್ಟೇ.

ಪ್ಲಗ್ ಒಂದು ಹೆಜ್ಜೆ ತಂಪಿನದು ಹಾಕು. ಇಲ್ಲಿ ಎಡವುವವರು ಹೆಚ್ಚು. ಬಾಷ್ ಪ್ಲಗ್ಗಿನಲ್ಲಿ ಅಂಕಿ ಕಡಿಮೆಯಾದಷ್ಟೂ ತಂಪು, ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ತಂಪು. ಎಷ್ಟೋ ಜನ ತಂಪಿನದೆಂದು ಬಿಸಿಯದನ್ನೇ ಹಾಕಿಕೊಂಡು ಬರುತ್ತಾರೆ. ಓಡಿಸಿ ಬಂದ ಮೇಲೆ ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡು. ಮೆಣಸಿನ ಪುಡಿ ಚಿಮುಕಿಸಿದ ಹಾಗೆ ಸಣ್ಣ ಚುಕ್ಕೆಗಳು, ಬೆಳ್ಳಿಯ ಬಣ್ಣದ ಕಣಗಳು ಕಂಡರೆ ಅದು ನಿನ್ನ ಪಿಸ್ಟನ್ನಿನ ಲೋಹ. ಅಂದೇ ಗಾಡಿ ನಿಲ್ಲಿಸು.

ಪೆಟ್ರೋಲಿನ ವಿಷಯದಲ್ಲಿ ಈಗ ಪರಿಸ್ಥಿತಿ ಬೇರೆ. ನಾನು ಪಿಸ್ಟನ್ ಕಳೆದುಕೊಂಡದ್ದು 87 ಆಕ್ಟೇನಿನ ಕಾಲದಲ್ಲಿ. ಈಗ ಬಂಕುಗಳಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಎಥೆನಾಲಿನ ಸ್ವಂತ ಆಕ್ಟೇನ್ ನೂರನ್ನು ಮೀರಿದ್ದು. ಅದು ಆವಿಯಾಗುವಾಗ ಮಿಶ್ರಣವನ್ನು ತಂಪು ಮಾಡುತ್ತದೆ ಕೂಡ. ನಾಕಿಂಗ್ ಮಟ್ಟಿಗೆ ಅದು ಶತ್ರುವಲ್ಲ. ತೊಂದರೆ ಬೇರೆ ಕಡೆ ಇದೆ. ಪೆಟ್ರೋಲಿನ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ ಎಥೆನಾಲಿಗೆ ಒಂಬತ್ತು ಸಾಕು. ಹಳೆಯ ಜೆಟ್ಟಿನಲ್ಲೇ ಈ ಪೆಟ್ರೋಲ್ ಓಡಿಸಿದರೆ ಮಿಶ್ರಣ ಶೇ. ಏಳೆಂಟರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣ ಕಾಯುತ್ತದೆ, ಕಾದದ್ದು ನಾಕ್ ಮಾಡುತ್ತದೆ. ಆಕ್ಟೇನಿನಲ್ಲಿ ಗಳಿಸಿದ್ದನ್ನು ಜೆಟ್ಟಿನಲ್ಲಿ ಕಳೆದುಕೊಂಡೆವು. ಮೇನ್ ಜೆಟ್ ಒಂದೆರಡು ಅಂಕಿ ದೊಡ್ಡದು ಹಾಕು, ನೀಡಲ್ ಒಂದು ಕಚ್ಚು ಮೇಲೆತ್ತು. ಏರಿನಲ್ಲಿ ಚೋಕ್ ಅರ್ಧ ಎಳೆದಾಗ ಕಿಣಿಕಿಣಿ ನಿಂತರೆ ಮಿಶ್ರಣ ತೆಳುವೆಂದೇ ಲೆಕ್ಕ. ಹಳೆಯ ರಬ್ಬರ್ ಪೈಪು, ಟ್ಯಾಪಿನ ವಾಷರುಗಳನ್ನೂ ಬದಲಿಸು, ಎಥೆನಾಲ್ ಅವನ್ನು ಮೆತ್ತಗೆ ಮಾಡುತ್ತದೆ. ಈ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡ, ಅದು ಗಾಳಿಯ ತೇವ ಹೀರುತ್ತದೆ. ದುಬಾರಿ ಪೆಟ್ರೋಲ್ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ನಂಬಿ ಹೊರಡಬೇಡ. ಘಾಟಿಯ ನಡುವಿನ ಹಳ್ಳಿಯಲ್ಲಿ ಸಿಗುವ ಪೆಟ್ರೋಲಿನಲ್ಲಿ ಸುರಕ್ಷಿತವಾಗಿ ಓಡದ ಎಂಜಿನ್ ಪ್ರಯಾಣಕ್ಕೆ ಯೋಗ್ಯವಲ್ಲ.

ಕ್ರ್ಯಾಂಕಿನ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಹಳೆಯ ಬುಲೆಟ್ಟಿನ ಬಿಗ್ ಎಂಡಿನಲ್ಲಿ ರೋಲರ್ ಇಲ್ಲ, ತೇಲುವ ಬುಶ್ ಇದೆ. ಅದು ನಿಂತಿರುವುದು ಆಯಿಲಿನ ತೆಳುವಾದ ಪದರದ ಮೇಲೆ. ಆ ಪದರ ನಿಧಾನವಾಗಿ ಒತ್ತಿದರೆ ತಾಳುತ್ತದೆ, ಸುತ್ತಿಗೆಯಿಂದ ಹೊಡೆದರೆ ಹರಿಯುತ್ತದೆ. ನಾಕಿಂಗ್ ಅಂದರೆ ಸುತ್ತಿಗೆಯೇ. ಎಂಜಿನ್ ನಿಧಾನ ತಿರುಗುವಾಗ ಪಂಪು ಕೊಡುವ ಆಯಿಲೂ ಕಡಿಮೆ. ಹಾಗಾಗಿ ಟಾಪ್ ಗೇರಿನಲ್ಲಿ ನಲವತ್ತರ ವೇಗದಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ 'ಡುಗ್ ಡುಗ್' ಎಂದು ಏರು ಹತ್ತುವುದು, ನಮಗೆಲ್ಲ ಇಷ್ಟವಾದ ಆ ಸದ್ದು, ಏರಿದ ಕಂಪ್ರೆಶನ್ನಿನ ಬುಲೆಟ್ಟಿಗೆ ವಿಷ. ಗೇರ್ ಇಳಿಸು. ಎಂಜಿನ್ ಹಗುರಾಗಿ ತಿರುಗಲಿ. ಆಯಿಲನ್ನು ಪುಸ್ತಕ ಹೇಳಿದ್ದಕ್ಕಿಂತ ಬೇಗ ಬದಲಿಸು, ಫಿಲ್ಟರ್ ಮರೆಯಬೇಡ.

ಇನ್ನು ನಿನ್ನ ಕಾಲು. ಕಂಪ್ರೆಶನ್ ಏರಿದ ಗಾಡಿ ಕಿಕ್ಕರನ್ನು ಹಿಂದಕ್ಕೆ ಒದೆಯುತ್ತದೆ. ಮೂಳೆ ಮುರಿದವರನ್ನು ಕಂಡಿದ್ದೇನೆ. ಅವಸರದ ಅರ್ಧ ಕಿಕ್ ಎಂದೂ ಬೇಡ. ಆಂಪ್ ಮೀಟರಿನ ಮುಳ್ಳು ನೋಡಿಕೊಂಡು ಕಿಕ್ಕರನ್ನು ನಿಧಾನ ಒತ್ತು, ಬಿಗಿ ಸಿಕ್ಕಿದಾಗ ರಿಲೀಸ್ ಹಿಡಿದು ತುದಿ ದಾಟಿಸು, ಕಿಕ್ಕರ್ ಮೇಲೆ ಬರಲಿ, ಆಮೇಲೆ ಪೂರ್ತಿ ಮೈಭಾರ ಹಾಕಿ ಒಂದೇ ಒದೆ. ನಿನ್ನ ತಂಗಿಗಾಗಲಿ, ಗೆಳೆಯರಿಗಾಗಲಿ ಇದನ್ನು ಕಲಿಸದೆ ಗಾಡಿ ಕೊಡಬೇಡ.

ನೀನು ಕ್ಯಾಮ್ ಬದಲಿಸುವ ಮಾತೂ ಆಡಿದ್ದೆ. ಇನ್‌ಲೆಟ್ ತಡವಾಗಿ ಮುಚ್ಚುವ ಕ್ಯಾಮ್ ಹಾಕಿದರೆ ಪಿಸ್ಟನ್ ಮೇಲೇರುವಾಗ ಸ್ವಲ್ಪ ಮಿಶ್ರಣ ಹಿಂದಕ್ಕೆ ಜಾರುತ್ತದೆ, ನಿಜವಾದ ಒತ್ತಡ ಇಳಿಯುತ್ತದೆ, ಅಂಥ ಎಂಜಿನ್ ಒಂಬತ್ತನ್ನೂ ತಾಳಬಹುದು. ಆದರೆ ಕೆಳವೇಗದ ಎಳೆತ ಹೋಗುತ್ತದೆ. ಬುಲೆಟ್ ಹಿಡಿದವನಿಗೆ ಅದು ಹೋದರೆ ಏನು ಉಳಿಯಿತು? ನನ್ನನ್ನು ಕೇಳಿದರೆ ಕ್ಯಾಮಿಗೆ ಕೈ ಹಾಕಬೇಡ.

ಈ ವಾರ ಗಾಡಿಯನ್ನು ಏರು ಹತ್ತಿಸಬೇಡ, ಹಿಂದೆ ಯಾರನ್ನೂ ಕೂರಿಸಬೇಡ. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಾ. 60 ಎಂಎಲ್ ಸಿರಿಂಜು ಒಂದನ್ನು ತಾ, ತಟ್ಟೆಗೆ ಬೇಕಾದ ಎರಡು ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ ನನ್ನ ಹತ್ತಿರ ಇದೆ. ಇಬ್ಬರೂ ಸೇರಿ ಮೊದಲು ಅಳೆಯೋಣ.